ಹಲಗೆಯ ಬಲಗಡೆಯ ಅರ್ಧ

ಚಿಕ್ಕೋಡಿಯಿಂದ ನಮ್ಮೂರಿಗೆ ಬರುವ ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಸೀರೆಯ ಅಂಚಿಗೆ ಹತ್ತಿದ್ದ ಸೀಮೆಸುಣ್ಣದ ಪುಡಿಯನ್ನು ಕೊಡವುತ್ತಿದ್ದೆ. ಕೊಡವಿದಷ್ಟೂ ಅದು ನೂಲಿನೊಳಕ್ಕೆ ಇಳಿಯಿತು. ಕೊನೆಗೆ ಕರವಸ್ತ್ರ ಒದ್ದೆ ಮಾಡಿ ಒರೆಸಿದೆ. ಒದ್ದೆಯಾದ ಸೀಮೆಸುಣ್ಣಕ್ಕೆ ಒಂದು ವಾಸನೆಯಿದೆ. ಶಾಲೆ ಕಲಿತ ಯಾರಿಗಾದರೂ ಅದು ಗೊತ್ತು. ನಿಮಗೆ ಅದರಿಂದ ಯಾರೋ ಮೇಷ್ಟ್ರು, ಯಾವುದೋ ತಪ್ಪಿದ ಲೆಕ್ಕ ನೆನಪಾಗಬಹುದು. ನನಗೆ ನಮ್ಮೂರಿನ ಚೌಕ ನೆನಪಾಗುತ್ತದೆ.

ಅಂದು ಮಧ್ಯಾಹ್ನ ಚಿಕ್ಕೋಡಿಯ ಕಾಲೇಜೊಂದರಲ್ಲಿ ಬರವಣಿಗೆಯ ಬಗ್ಗೆ ಮಾತಾಡಿ ಬಂದಿದ್ದೆ. ಎರಡು ಪುಸ್ತಕ ಅಚ್ಚಾದ ಮೇಲೆ ಮನುಷ್ಯರಿಗೆ ಇಂಥ ಕರೆಗಳು ಬರುತ್ತವೆ; ಬಂದಾಗ, ತಿಳಿದದ್ದಕ್ಕಿಂತ ತುಸು ಹೆಚ್ಚೇ ತಿಳಿದವರಂತೆ ಅವರು ಕರಿಹಲಗೆಯ ಮುಂದೆ ನಿಲ್ಲುತ್ತಾರೆ. ನಾನೂ ನಿಂತೆ. ಮಕ್ಕಳು ಕೇಳಿದ್ದು ಎಲ್ಲ ಕಡೆಯೂ ಕೇಳುವ ಪ್ರಶ್ನೆಗಳನ್ನೇ. ಸಂಸ್ಕೃತದ ಪದ ಹೆಚ್ಚಾದರೆ ಬರಹ ಭಾರವಾಗುತ್ತದೆಯೇ? ಮನೆಯಲ್ಲಿ ಆಡಿದಂತೆಯೇ ಬರೆದರೆ ಮೈಸೂರಿನವರಿಗೆ ತಿಳಿಯುತ್ತದೆಯೇ? ವಾಕ್ಯ ಎಷ್ಟುದ್ದ ಇರಬೇಕು? ಅವ್ವನ ಕೂಡ ಮರಾಠಿ, ಅಪ್ಪನ ಕೂಡ ಕನ್ನಡ ಆಡುವವರು ಯಾವುದರಲ್ಲಿ ಬರೆಯಬೇಕು? ಹಿಂದಿನ ಬೆಂಚಿನ ಒಬ್ಬ ಹುಡುಗಿ, ಸಿಟ್ಟು ಇದ್ದಾಗ ಬರೆಯಬೇಕೋ ಇಳಿದ ಮೇಲೋ ಎಂದು ಕೇಳಿದಳು. ಆಕೆಯ ಮುಖ ನೋಡಿದರೆ ಇಳಿಯುವ ಸಿಟ್ಟಿನಂತೆ ಕಾಣಲಿಲ್ಲ.

ಧಾರವಾಡದಲ್ಲಿ ಕಲಿತ ಉತ್ತರಗಳನ್ನು ಅನುಕ್ರಮವಾಗಿ ಕೊಟ್ಟೆ. ಹಲಗೆಯ ಮೇಲೆ ಗೆರೆ ಎಳೆದೆ, ಬಾಣ ಬಿಟ್ಟೆ. ಯಾವ ಉತ್ತರವೂ ಸುಳ್ಳಲ್ಲ. ಆದರೂ ಬಸ್ಸು ಚಿಕ್ಕೋಡಿಯ ಏರು ಇಳಿದು ಕಬ್ಬಿನ ಗದ್ದೆಗಳ ನಡುವೆ ಬಂದಾಗ ನನಗೆ ಸಮಾಧಾನವಿರಲಿಲ್ಲ. ಬರಹದ ಬಗ್ಗೆ ನಾನು ತಿಳಿದುಕೊಂಡದ್ದರಲ್ಲಿ ಮುಖ್ಯವಾದ ಒಂದು ಭಾಗ ವಿಶ್ವವಿದ್ಯಾಲಯದ ಯಾವ ಕೋಣೆಯಲ್ಲೂ ಸಿಕ್ಕಿದ್ದಲ್ಲ. ಅದು ಸಿಕ್ಕಿದ್ದು ನನ್ನ ಕಾಕಾ ಮತ್ತು ನನ್ನ ಸೋದರತ್ತೆಯ ನಡುವಿನ ಜಗಳದಲ್ಲಿ. ಅದನ್ನು ಆ ಮಕ್ಕಳಿಗೆ ಹೇಳದೆ ಬಂದಿದ್ದೆ.

ನಮ್ಮೂರು ಸದಲಗಾದ ಆಚೆ, ದೂಧಗಂಗೆಯ ದಂಡೆಯ ಮೇಲಿದೆ. ಅದರ ಹೆಸರು ಇಲ್ಲಿ ಬೇಡ. ಊರಿನ ಚೌಕದಲ್ಲಿ ಒಂದು ಕಟ್ಟೆ, ಕಟ್ಟೆಯ ಹಿಂದಿನ ಗೋಡೆಗೆ ಒಂದು ದೊಡ್ಡ ಕರಿಹಲಗೆ. ಗಡಿಭಾಗದ ಊರುಗಳನ್ನು ಕಂಡವರಿಗೆ ಇದು ಹೊಸತಲ್ಲ. ಅಲ್ಲೆಲ್ಲ ಊರ ಸುದ್ದಿಯನ್ನು ಚೌಕದ ಹಲಗೆಯ ಮೇಲೆ ಬರೆಯುತ್ತಾರೆ. ಯಾರು ತೀರಿಕೊಂಡರು, ಯಾರ ಮಗ ಪಾಸಾದ, ನಲ್ಲಿಗೆ ಯಾವಾಗ ನೀರು ಬರುತ್ತದೆ, ಮುನಿಗಳ ವಿಹಾರ ಯಾವ ಕಡೆಯಿಂದ, ಎಲ್ಲವೂ ಅಲ್ಲಿ ಬರುತ್ತದೆ. ನಮ್ಮ ಹಲಗೆಯ ವಿಶೇಷವೆಂದರೆ ಅದರ ನಡುವೆ ಬಿಳಿ ಬಣ್ಣದಲ್ಲಿ ಎಳೆದ ಒಂದು ನೆಟ್ಟನೆಯ ಗೆರೆ. ಗೆರೆಯ ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ. ಗಡಿಯ ಗಲಾಟೆ ಜೋರಾಗಿದ್ದ ಕಾಲದಲ್ಲಿ ಯಾರೋ ಕತ್ತಲಲ್ಲಿ ಬಂದು ಏನೋ ಬರೆದು ಹೋಗಿ, ಮರುದಿನ ಎರಡು ಓಣಿಗಳು ಕೈಕೈ ಮಿಲಾಯಿಸಿದವಂತೆ. ಹಿರಿಯರು ಕೂತು ಎರಡು ನೇಮ ಮಾಡಿದರು. ಒಂದು, ಎಡಕ್ಕೆ ಬರೆದದ್ದು ಬಲಕ್ಕೂ ಬರಬೇಕು. ಇನ್ನೊಂದು, ಬರೆಸಿದವರು ದೀಪ ಹತ್ತುವವರೆಗೆ ಹಲಗೆಯ ಕೆಳಗೆ ಕಟ್ಟೆಯ ಮೇಲೆ ಕೂತಿರಬೇಕು. ಕೇಳಬಂದವರಿಗೆ ಉತ್ತರ ಹೇಳಬೇಕು. ನಡುವೆ ಎದ್ದು ಹೋದರೆ ಬರೆದದ್ದನ್ನು ಯಾರು ಬೇಕಾದರೂ ಒರೆಸಬಹುದು.

ಎರಡನೆಯ ನೇಮವನ್ನು ನಾನು ಬೆಳೆದ ಮೇಲೂ ಒಂದು ಹಳ್ಳಿಯ ವಿನೋದವೆಂದೇ ಭಾವಿಸಿದ್ದೆ. ಈಗ ಹಾಗೆ ಭಾವಿಸುವುದಿಲ್ಲ. ಬೆಳಿಗ್ಗೆ ಪತ್ರಿಕೆ ತೆರೆದರೆ ಕಾಲುವೆ ತಾನಾಗಿ ಒಡೆದಿರುತ್ತದೆ, ಶಾಲೆಯ ಮಾಡು ತಾನಾಗಿ ಕುಸಿದಿರುತ್ತದೆ, ಔಷಧ ತಾನಾಗಿ ಮುಗಿದಿರುತ್ತದೆ. ಬರೆದವನು ಅದರ ಕೆಳಗೆ ದೀಪ ಹತ್ತುವವರೆಗೆ ಕೂಡಬೇಕಾಗಿದ್ದರೆ ಇವುಗಳಲ್ಲಿ ಎಷ್ಟು ವಾಕ್ಯಗಳು ಹಾಗೆಯೇ ಉಳಿಯುತ್ತಿದ್ದವು? ನನಗೆ ಇದು ಅಲಂಕಾರದ ಪ್ರಶ್ನೆಯಲ್ಲ. ಉತ್ತರ ಬೇಕು.

ಹಲಗೆಯ ಬರಹ ನನ್ನ ಕಾಕಾನದು. ಅಪ್ಪನ ತಮ್ಮ, ಶಾಲೆಯಿಂದ ನಿವೃತ್ತನಾದ ಭರಮಪ್ಪ ಮಾಸ್ತರ. ಬೆಳಿಗ್ಗೆ ಬಸದಿಗೆ ಹೋಗಿಬಂದು, ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ, ಅದು ಒಣಗುವವರೆಗೆ ಬಾಯಲ್ಲಿ ಅಡಿಕೆ ಹಾಕಿಕೊಂಡು ಯೋಚಿಸಿ, ಆಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ. ದಿನವೆಲ್ಲ ಕಟ್ಟೆಯ ಮೇಲೆ ಕೂತಿರುವುದು ಅವನಿಗೆ ಶಿಕ್ಷೆಯಾಗಿರಲಿಲ್ಲ. ಮನೆಯಲ್ಲಿ ಅವನ ಹೆಂಡತಿ ಕಾಕೂ ಇದ್ದಳು, ಕಟ್ಟೆಯ ಮೇಲೆ ಗೆಳೆಯರಿದ್ದರು. ಅವನ ಶೈಲಿಯ ಗುಟ್ಟೊಂದನ್ನು ನಾನು ಬಿ.ಎ.ದಲ್ಲಿದ್ದಾಗ ಕಂಡುಹಿಡಿದಿದ್ದೆ. ಎರಡೂ ಭಾಷೆಗೆ ಸಲ್ಲುವ ಪದಗಳನ್ನೇ ಅವನು ಆರಿಸುತ್ತಿದ್ದ. ದುಃಖದ, ನಿಧನ, ಅಭಿನಂದನ, ಸಮಸ್ತ, ನಾಗರಿಕ, ವಿನಂತಿ. ಎಡಗಡೆಯದನ್ನು ಲಿಪಿ ಬದಲಿಸಿ ಬಲಕ್ಕೆ ಎಳೆದರೆ ಮರಾಠಿ ಸಿದ್ಧ. ಇದು ಸೋಮಾರಿತನವೆಂದು ನಾನು ಆರೋಪಿಸಿದಾಗ ಅವನು ನಕ್ಕು, ಇಬ್ಬರಿಗೂ ಸಿಟ್ಟು ಬರದ ಮಾತು ಹುಡುಕುವುದು ಎಷ್ಟು ಕಷ್ಟ ಅನ್ನುವುದು ನಿನಗೆ ಗೊತ್ತಿಲ್ಲ ಎಂದಿದ್ದ. ಅದೂ ನಿಜವೇ. ಅವನ ಹಲಗೆಯಿಂದಾಗಿ ನಮ್ಮೂರಲ್ಲಿ ಮತ್ತೆ ಹೊಡೆದಾಟವಾಗಿರಲಿಲ್ಲ.

ಈಗ ಅತ್ತಿ. ಸೋನಾಬಾಯಿ, ಅಪ್ಪನಿಗೂ ಕಾಕಾನಿಗೂ ಅಕ್ಕ. ಊರಿನ ಮಗಳೇ ಊರಿಗೆ ಸೊಸೆಯಾದವಳು. ಗಂಡ ಬೇಗ ತೀರಿಕೊಂಡ ಮೇಲೆ ಕಬ್ಬಿನ ಹೊಲವನ್ನೂ ದ್ರಾಕ್ಷಿಯ ತೋಟವನ್ನೂ ತಾನೇ ನೋಡಿಕೊಂಡು, ಮಗನಿಗೆ ಮದುವೆ ಮಾಡಿ, ಸೊಸೆಯನ್ನೂ ಮಗನನ್ನೂ ತೋಟದ ಆಳುಗಳನ್ನೂ ಒಂದೇ ದನಿಯಲ್ಲಿ ಗದರಿಸಿಕೊಂಡಿದ್ದವಳು. ಅವಳಿಗೆ ಓದು ಬರುತ್ತಿತ್ತು; ಆದರೆ ಓದುವುದು ಇನ್ನೊಬ್ಬರ ಮಾತನ್ನು ಸುಮ್ಮನೆ ಕೇಳಿದಂತೆ, ಆದ್ದರಿಂದ ಅವಳಿಗೆ ಅದು ಅಷ್ಟಾಗಿ ಒಗ್ಗುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಒಂದು ದಸರೆಯ ಮುಂದೆ ಅತ್ತಿ ಹೊಳೆಯಲ್ಲಿ ಬಿದ್ದಳು. ದಸರೆಯ ಮೊದಲು ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಹೊಳೆಗೆ ಒಯ್ದು ಒಗೆಯುವುದು ನಮ್ಮ ಕಡೆಯ ಪದ್ಧತಿ. ಆ ಹಂಗಾಮಿನಲ್ಲಿ ಹೊಳೆಗೆ ಇಳಿಯುವ ಘಟ್ಟದ ಮೆಟ್ಟಿಲುಗಳ ಮೇಲೆ ಊರಿನ ಹೆಂಗಸರೆಲ್ಲ ಇರುತ್ತಾರೆ. ಅತ್ತಿ ಒದ್ದೆ ಕೌದಿ ಹೆಗಲಿಗೆ ಹಾಕಿಕೊಂಡು, ಹುಡುಗಿಯಾಗಿದ್ದಾಗಿನಿಂದ ಕಾಲಿಟ್ಟ ಪಾವಟಿಗೆಯ ಮೇಲೆ ಕಾಲಿಟ್ಟಳು. ಪಾವಟಿಗೆ ಅಲ್ಲಿರಲಿಲ್ಲ. ಬೇಸಿಗೆಯ ಕೊನೆಯಲ್ಲಿ, ಹೊಳೆ ಬತ್ತಿದ್ದಾಗ, ನೀರಿಗೆ ಹತ್ತಿರವಿದ್ದ ಕರಿಗಲ್ಲಿನ ಪಾವಟಿಗೆಗಳನ್ನು ಎಬ್ಬಿಸಿ ಹೊಸ ಮಂಗಲ ಕಾರ್ಯಾಲಯದ ಬಾಗಿಲಿಗೆ ಹಾಸಿದ್ದರು. ಅಂಥ ನುಣ್ಣನೆಯ ಕಲ್ಲು ಈಗ ಎಲ್ಲಿಯೂ ಸಿಗುವುದಿಲ್ಲ, ಮದುವೆಗೆ ಬಂದ ಬೀಗರು ನೋಡಿ ಮೆಚ್ಚಬೇಕು ಎಂದು ಕಟ್ಟಡದ ಕಮಿಟಿಯವರ ಆಸೆ. ಮಳೆಗಿಂತ ಮೊದಲು ಘಟ್ಟಕ್ಕೆ ಸಿಮೆಂಟು ಹಾಕಿಸುವ ಮಾತಿತ್ತು. ಮಾತು ಮಾತಾಗಿಯೇ ಉಳಿದು ಮಳೆ ಬಂತು. ಆ ಬೇಸಿಗೆಯಲ್ಲಿ ಅತ್ತಿ ಅಥಣಿಯಲ್ಲಿ ಮಗಳ ಬಾಣಂತನದಲ್ಲಿದ್ದಳು. ಮಳೆಗಾಲದಲ್ಲಿ ಯಾರೂ ಹೊಳೆಗೆ ಇಳಿಯುವುದಿಲ್ಲ. ಕೌದಿ ಒಗೆಯುವ ಹೊತ್ತಿಗೆ ನೀರು ಎಲ್ಲವನ್ನೂ ಮುಚ್ಚಿಕೊಂಡಿತ್ತು.

ಕಾಲು ಮುರಿಯಿತು. ಮಿರಜಿಗೆ ಒಯ್ದು ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಅತ್ತ ಕಾಕಾ ಹಲಗೆಯ ಮೇಲೆ, ಸೋನಾಬಾಯಿಯವರು ಹೊಳೆಯ ಘಟ್ಟದಲ್ಲಿ ದುರ್ದೈವದಿಂದ ಜಾರಿ ಬಿದ್ದಿರುತ್ತಾರೆ, ಸಮಸ್ತ ಮಹಿಳೆಯರು ಎಚ್ಚರಿಕೆಯಿಂದ ಹೋಗಿ ಬರಬೇಕಾಗಿ ವಿನಂತಿ ಎಂದು ಬರೆದಿದ್ದ. ಕೌದಿಯ ಹಂಗಾಮು ಮುಗಿಯುವವರೆಗೆ ಇರಲೆಂದು ದಿನವೂ ಅದನ್ನೇ ಹೊಸದಾಗಿ ತಿದ್ದುತ್ತಿದ್ದ. ಅವನ ಮನಸ್ಸಿನಲ್ಲಿ ಅದು ಅಕ್ಕನ ಮೇಲಿನ ಕಾಳಜಿ.

ದಸರೆಯ ರಜೆಗೆ ನಾನು ಧಾರವಾಡದಿಂದ ಬಂದಾಗ ಅತ್ತಿಯ ಮನೆಯ ಪಡಸಾಲೆ ತುಂಬ ನೋಡಬಂದ ಹೆಂಗಸರಿದ್ದರು. ಒಬ್ಬೊಬ್ಬರೂ ಹಲಗೆಯ ಮಾತನ್ನು ತಮ್ಮ ಮಾತಾಗಿ ಮಾಡಿಕೊಂಡು ಬಂದಿದ್ದರು. ಈ ವಯಸ್ಸಿನಲ್ಲಿ ಹೊಳೆಗೆ ಏಕೆ ಹೋಗಬೇಕಿತ್ತು, ನೋಡಿಕೊಂಡು ಕಾಲಿಡಬೇಕಿತ್ತು, ಕೌದಿಯನ್ನು ಆಳಿಗೆ ಕೊಡಬೇಕಿತ್ತು. ಅತ್ತಿ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಿದ್ದಳು.

“ನಾ ಜಾರಿಲ್ಲ. ಕಲ್ಲ ಇರಲಿಲ್ಲ.”

ಅವರು ತಲೆಯಾಡಿಸಿ ಚಹಾ ಕುಡಿಯುತ್ತಿದ್ದರು. ಹೋಗುವಾಗ ಬಾಗಿಲಲ್ಲಿ, ಇನ್ನಾದರೂ ಹುಷಾರಾಗಿರು ಸೋನಕ್ಕಾ ಎನ್ನುತ್ತಿದ್ದರು. ಕಾಲಿನ ನೋವಿನ ಬಗ್ಗೆ ಅತ್ತಿ ಒಂದು ಮಾತೂ ಆಡಿದ್ದು ನನಗೆ ನೆನಪಿಲ್ಲ. ಇಷ್ಟು ವರ್ಷ ಹೊಲ ತೋಟ ಆಳಿದ ತಾನು ಊರ ಬಾಯಲ್ಲಿ ಕಾಲು ಸರಿಯಾಗಿ ಇಡಲು ಬಾರದ ಮುದುಕಿಯಾದದ್ದೇ ಅವಳನ್ನು ಸುಡುತ್ತಿತ್ತು. ಜೊತೆಗೆ, ಘಟ್ಟಕ್ಕೆ ಇನ್ನೂ ಹೆಂಗಸರು ಹೋಗುತ್ತಿದ್ದರು. ಕಲ್ಲು ಇನ್ನೂ ಅಲ್ಲಿರಲಿಲ್ಲ.

ಒಂದು ಮಧ್ಯಾಹ್ನ ಅವಳು ನನ್ನನ್ನು ಹತ್ತಿರ ಕರೆದು, ಹಲಗೆಯ ಮೇಲೆ ತನ್ನದೊಂದು ಮಾತು ಬರೆಯಬೇಕೆಂದಳು. ನನಗೆ ರೋಮಾಂಚನವಾಯಿತು. ಆಗ ನಾನು ಎಂ.ಎ. ಎರಡನೆಯ ವರ್ಷ, ಯಾರಾದರೂ ಅನ್ಯಾಯದ ಬಗ್ಗೆ ಬರೆಯಲು ಹೇಳಲೆಂದೇ ಕಾಯುತ್ತಿದ್ದ ವಯಸ್ಸು. ಅಲ್ಲಿಯೇ ಕೂತು ಒಂದು ಹಾಳೆ ತುಂಬ ಬರೆದೆ. ಸಾರ್ವಜನಿಕ ಹೊಣೆಗಾರಿಕೆಯ ಅಧಃಪತನ, ಸ್ತ್ರೀಶರೀರದ ಮೇಲೆ ನಿಂತ ವೈಭವ, ಸಮುದಾಯದ ಮೌನವೆಂಬ ಅಪರಾಧ. ಓದಿ ಹೇಳಿದಾಗ ಅತ್ತಿ ಅದನ್ನು ಕೈಬಿಡಿಸಿದಳೆಂದು ನೀವು ಊಹಿಸಿರಬಹುದು. ಇಲ್ಲ. ಅವಳಿಗೆ ಬಹಳ ಹಿಡಿಸಿತು. ಅಧಃಪತನ ಎಂಬುದನ್ನು ಎರಡು ಸಲ ಓದಿಸಿಕೊಂಡಳು. ಇಂಥವು ಇನ್ನೂ ನಾಲ್ಕು ಇರಲಿ ಎಂದಳು. ಅದರ ಜೊತೆಗೆ ಕಮಿಟಿಯವರ ವಂಶ, ಅವರ ಬಾಯಿಗೆ ಬೀಳಬೇಕಾದ ಮಣ್ಣು, ಮಂಗಲ ಕಾರ್ಯಾಲಯದಲ್ಲಿ ಮದುವೆಯಾದವರಿಗೆ ಮುಂದೆ ಆಗಲಿರುವ ಗತಿ, ಇವನ್ನೂ ಸೇರಿಸಬೇಕಿತ್ತು.

ಬರೆದದ್ದೆಲ್ಲ ಹಿಡಿಯಲು ಹಲಗೆಯಲ್ಲಿ ಜಾಗವಿಲ್ಲ ಅನ್ನುವುದೇ ನಮ್ಮನ್ನು ಕಾಪಾಡಿತು. ಕನ್ನಡದ ಪಾಲಿಗೆ ಬರುವುದು ಅರ್ಧ. ಅಕ್ಷರ ಎದುರಿನ ಪಾನಿನಂಗಡಿಗೆ ಕಾಣುವಷ್ಟು ದೊಡ್ಡದಿರಬೇಕು. ಹಾಳೆಯನ್ನು ಇಳಿಸುತ್ತ ಹೋದೆವು. ಮೊದಲು ಅವಳ ಶಾಪಗಳನ್ನು ನಾನು ಹೊಡೆದು ಹಾಕಿದೆ. ಸಿಟ್ಟಿನಿಂದ ಅವಳು ನನ್ನ ವೈಭವವನ್ನು ಹೊಡೆದು ಹಾಕಿಸಿದಳು. ಹೀಗೆ ಒಬ್ಬರದನ್ನೊಬ್ಬರು ಕೊಯ್ಯುತ್ತ ಹೋಗಿ ಕೊನೆಗೆ ಅಧಃಪತನವೊಂದೇ ಉಳಿಯಿತು. ಅದನ್ನು ನೋಡುತ್ತ ಕೂತಾಗ, ಇದರ ಬದಲು ಬೆಳಗಿನಿಂದ ಇವಳು ಬಂದವರಿಗೆಲ್ಲ ಹೇಳುತ್ತಿರುವ ಆ ಎರಡು ಮಾತೇ ಸಾಕಲ್ಲ ಎಂದು ನನಗೆ ಹೊಳೆಯಿತು. ಹೇಳಿದೆ. ಅತ್ತಿಗೆ ಸಮಾಧಾನವಾಗಲಿಲ್ಲ.

“ಇಷ್ಟ? ಇದನ್ನ ದಿನಾ ಹೇಳಾಕತ್ತೀನಿ. ಇದನ್ನ ಬರಿಯಾಕ ನೀ ಧಾರವಾಡಕ್ಕ ಹೋಗಿದ್ದೇನ?”

ಹೇಳಿದ್ದು ಯಾರಿಗೂ ಕೇಳಿಸಿಲ್ಲ ಅತ್ತಿ, ಅದಕ್ಕೇ ಬರೆಯಬೇಕು ಎಂದೆ. ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಇನ್ನೊಮ್ಮೆ ನೋಡಿದಳು. ಆಮೇಲೆ, ತೆಗೆದವರು ಬಂದು ಮಾತಾಡಲಿ ಅಂತ ಒಂದು ಸೇರಿಸು ಎಂದಳು. ಸೇರಿಸಿದೆ. ಆ ಮೂರು ವಾಕ್ಯಗಳಲ್ಲಿ ಯಾವುದನ್ನೂ ಇಂದಿಗೂ ನಾನು ಬದಲಿಸಲಾರೆ. ಅವುಗಳಲ್ಲಿ ನಾನು ಬರೆದದ್ದು ಯಾವುದು ಎಂದು ಕೇಳಿದರೆ ಹೇಳಲಾರೆ.

ಇನ್ನು ಉಳಿದದ್ದು ಕೂಡುವ ಪ್ರಶ್ನೆ. ನಮ್ಮೂರ ಕಟ್ಟೆಯ ಮೇಲೆ ಅಲ್ಲಿಯವರೆಗೆ ಯಾವ ಹೆಂಗಸೂ ಕೂತಿರಲಿಲ್ಲ. ಕೂಡಬಾರದೆಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ಬರೆಸಿದವರು ಕೂಡಬೇಕೆಂಬ ನೇಮ ಒಂದು ಕಡೆ, ಕೂಡುವ ಜಾಗದಲ್ಲಿ ಕೂಡದಿರುವ ರೂಢಿ ಇನ್ನೊಂದು ಕಡೆ. ಹೀಗೆ ಊರಿನ ಅರ್ಧ ಜನ ಹಲಗೆಯಿಂದ ಹೊರಗುಳಿದಿದ್ದರು. ಆ ನೇಮ ಮಾಡಿದ ಹಿರಿಯರಿಗೆ ಇದು ಹೊಳೆದಿರಲಿಲ್ಲವೋ ಹೊಳೆದೂ ಸುಮ್ಮನಿದ್ದರೋ, ಅವರಲ್ಲಿ ಉತ್ತರ ಹೇಳಲು ಈಗ ಯಾರೂ ಇಲ್ಲ. ನಾನು ಕೂಡುತ್ತೇನೆ ಎಂದೆ.

“ಕೈ ನಿಂದು, ಮಾತು ನಂದು. ಕೂಡಾಕಿ ನಾನ,” ಅಂದಳು ಅತ್ತಿ.

ಮರುದಿನ ಬೆಳಿಗ್ಗೆ, ಕಾಕಾ ಬಸದಿಯಿಂದ ಬರುವ ಮೊದಲೇ, ಎತ್ತಿನ ಗಾಡಿಯಲ್ಲಿ ಹಾಸಿಗೆ ಹಾಸಿ ಅವಳನ್ನು ಚೌಕಕ್ಕೆ ಕರೆತಂದೆವು. ಆಳುಗಳಿಬ್ಬರು ಎತ್ತಿ ಕಟ್ಟೆಯ ಮೇಲೆ ಕೂಡಿಸಿದರು. ಪ್ಲಾಸ್ಟರಿನ ಕಾಲು ಮುಂದಕ್ಕೆ ಚಾಚಿಕೊಂಡು, ಸೆರಗನ್ನು ತಲೆಯ ಮೇಲೆ ಹೊದ್ದು, ಪಂಚಾಯ್ತಿಗೆ ಬಂದವಳಂತೆ ಅವಳು ಕೂತಳು. ನಾನು ಹಲಗೆ ಒರೆಸಿ ಎಡಗಡೆ ಬರೆದೆ.

ನಾನು ಜಾರಿಲ್ಲ. ಕಲ್ಲು ಇರಲಿಲ್ಲ. ತೆಗೆದವರು ಬಂದು ಮಾತಾಡಲಿ. ಸೋನಾಬಾಯಿ.

ಬಲಗಡೆಗೆ ಹೋದಾಗ ಅತ್ತಿ ತಡೆದಳು. ಮರಾಠಿ ಅರ್ಧ ಖಾಲಿ ಇರಲಿ, ಅದನ್ನು ಭರಮ ಬರೆಯಬೇಕು ಎಂದಳು. ಆಗ ನನಗೆ ಅರ್ಥವಾಯಿತು: ಅವಳ ಸಿಟ್ಟು ಇಡೀ ಕಮಿಟಿಯ ಮೇಲಿದ್ದರೂ ಮಾತು ಬೇಕಾಗಿದ್ದದ್ದು ಒಬ್ಬನಿಂದ. ಕಾಕಾ ಆ ಕಮಿಟಿಯ ಸದಸ್ಯನಾಗಿದ್ದ. ಕಲ್ಲು ಎಬ್ಬಿಸಿದ್ದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ದುರ್ದೈವ ಎಂದು ಬರೆದಿದ್ದ.

ಕಾಕಾ ಬಂದ. ಹಲಗೆ ನೋಡಿದ, ಅಕ್ಕನನ್ನು ನೋಡಿದ, ನನ್ನ ಕೈಯೊಳಗಿನ ಸೀಮೆಸುಣ್ಣ ನೋಡಿದ. ತಿರುಗಿ ಮನೆಗೆ ಹೋದ. ಇಷ್ಟು ವರ್ಷಗಳಲ್ಲಿ ಅವನು ಕಟ್ಟೆಗೆ ಬಂದು ಕೂಡದೆ ಹೋದದ್ದು ಅದೇ ಮೊದಲು.

ದಿನವೆಲ್ಲ ಊರು ಬಂದು ಓದಿತು. ಓದಲು ಬಾರದವರಿಗೆ ಪಾನಿನಂಗಡಿಯವನು ಓದಿ ಹೇಳಿದ. ಖಾಲಿ ಅರ್ಧವನ್ನು ಜನ ಬರೆದ ಅರ್ಧಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದರು. ಮರಾಠಿ ಓಣಿಯ ಒಬ್ಬ ಹಿರಿಯ ಬಂದು, ನಮಗೇನು ಇದು ತಿಳಿಯಬಾರದೇ ಎಂದು ತಕರಾರು ತೆಗೆದ. ಅತ್ತಿ ಅವನಿಗೆ ಮರಾಠಿಯಲ್ಲಿ ಬಾಯಿಮಾತಿನಿಂದಲೇ ಎಲ್ಲ ತಿಳಿಸಿದಳು, ಹಾಳೆಯಿಂದ ನಾನು ಹೊಡೆದು ಹಾಕಿದ್ದ ಶಾಪಗಳ ಸಮೇತ. ಅವನು ತಕರಾರು ಮರೆತು ಕೂತು ಕೇಳಿದ. ಹೊಳೆಗೆ ಹೊರಟ ಹೆಂಗಸರು ತಲೆಯ ಮೇಲಿನ ಗಂಟು ಇಳಿಸದೆ ನಿಂತು ಓದಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಮಿಟಿಯ ದೊಡ್ಡವರ ಮೋಟಾರ್ ಸೈಕಲ್ಲು ಅಂದು ಚೌಕಕ್ಕೆ ಬಾರದೆ ಕುಂಬಾರ ಓಣಿಯಿಂದ ಸುತ್ತು ಹಾಕಿಕೊಂಡು ಹೋಯಿತು. ತೆಗೆದವರು ಯಾರೂ ಬಂದು ಮಾತಾಡಲಿಲ್ಲ.

ಹೊತ್ತು ಇಳಿಯುತ್ತ ಬಂದಂತೆ ನನಗೆ ಬೇರೆ ಚಿಂತೆ ಹತ್ತಿತು. ಜೈನರಾದ ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅತ್ತಿ ಆ ನೇಮವನ್ನು ಎಂದೂ ಮುರಿದವಳಲ್ಲ. ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ಕಟ್ಟೆಯ ಮೇಲೆ ಗಂಡಸರೆದುರು ಉಣ್ಣಲಾರೆನೆಂದು ಸೊಸೆ ತಂದದ್ದನ್ನು ಹಿಂದಕ್ಕೆ ಕಳಿಸಿದ್ದಳು. ಉಣ್ಣಲು ಮನೆಗೆ ಹೋದರೆ ಬರಹ ನಿಲ್ಲುವುದಿಲ್ಲ. ದೀಪ ಹತ್ತುವವರೆಗೆ ಕೂತರೆ ಊಟದ ಹೊತ್ತು ಮೀರಿ, ನೀರೂ ಇಲ್ಲದೆ ಮರುದಿನ ಬೆಳಗಿನವರೆಗೆ ಉಪವಾಸ. ಮಿರಜಿನ ಡಾಕ್ಟರು ಕೊಟ್ಟ ಗುಳಿಗೆಗಳನ್ನು ಊಟದ ಮೇಲೆ ತಗೊಳ್ಳಬೇಕಿತ್ತು. ನಾನು ಹೇಳಿ ನೋಡಿದೆ. ಅವಳು ಹೊಳೆಯ ಕಡೆ ಮುಖ ಮಾಡಿ ಕೂತಳು.

ಬಿಸಿಲು ಪಾನಿನಂಗಡಿಯ ತಗಡಿನ ಮೇಲಕ್ಕೆ ಏರಿದಾಗ ಕಾಕಾ ಬಂದ. ಕೈಯಲ್ಲಿ ಊಟದ ಡಬ್ಬಿ. ಕಟ್ಟೆಯ ಮೇಲೆ ಅದನ್ನು ಇಟ್ಟು, ತಾನು ಕೆಳಗೇ ನಿಂತ.

“ಉಣ್ಣಕ್ಕಾ. ಹೊತ್ತ ಮುಳುಗಾಕ ಬಂತು.”

“ಉಣತೀನಿ. ನೀ ಮೊದಲ ಹೇಳು. ಕಲ್ಲ ಇತ್ತೊ ಇಲ್ಲೊ?”

“ಮನ್ಯಾಗ ಮಾತಾಡೂಣು.”

“ಬರಿಯೂದು ಚೌಕದಾಗ, ಮಾತಾಡೂದು ಮನ್ಯಾಗೇನ? ಇಲ್ಲೇ ಹೇಳು.”

ಕಾಕಾ ಸುತ್ತ ನೋಡಿದ. ಆ ಹೊತ್ತಿಗೆ ಚೌಕದಲ್ಲಿ ಹೊಲದಿಂದ ಬಂದವರೆಲ್ಲ ಇದ್ದರು.

“ಕಮಿಟ್ಯಾಗ ನಾ ಒಬ್ಬನ ಇಲ್ಲಕ್ಕಾ,” ಅಂದ, ಸಣ್ಣ ದನಿಯಲ್ಲಿ.

“ಬಿದ್ದಾಕಿ ನಾ ಒಬ್ಬಾಕಿನ,” ಅಂದಳು ಅತ್ತಿ.

ಕಾಕಾ ಹಲಗೆಯ ಖಾಲಿ ಅರ್ಧವನ್ನು ನೋಡುತ್ತ ನಿಂತ. ಎರಡೂ ಕಡೆ ಸಲ್ಲುವ, ಯಾರಿಗೂ ಸಿಟ್ಟು ಬಾರದ ಮಾತನ್ನು ಇನ್ನೊಮ್ಮೆ ಹುಡುಕುತ್ತಿದ್ದನೇನೋ. ಆಮೇಲೆ ನನ್ನ ಕಡೆ ಕೈ ಚಾಚಿ, ಖಡು ಕೊಡು ತಂಗಿ ಎಂದ. ಸೀಮೆಸುಣ್ಣ ಕೊಟ್ಟೆ. ಕಟ್ಟೆ ಹತ್ತಿ ಬಲಗಡೆ ಅದೇ ಮಾತನ್ನು ಬರೆದ: ಮೀ ಘಸರಲೇ ನಾಹೀ. ದಗಡ ನವ್ಹತಾ. ಅವನ ಹಲಗೆಯ ಮೇಲೆ ನಾನು ಕಂಡ ಮೊದಲ ಅಚ್ಚ ಮರಾಠಿ ಅದು. ಕನ್ನಡದಲ್ಲಿ ನಾನು ಎಂದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಮರಾಠಿಯಲ್ಲಿ ಘಸರಲೇ ಎಂದು ಕಾಕಾ ಹೆಂಗಸಿನ ಮಾತಾಗಿಯೇ ಅದನ್ನು ಬರೆಯಬೇಕಾಯಿತು. ಪಾನಿನಂಗಡಿಯವನು ಸುಮ್ಮನಿರಲಾರದೆ, “ಮಾಸ್ತರ್, ನೀವ್ಯಾವಾಗ ಬಿದ್ರಿ?” ಎಂದ. ಯಾರೋ ನಕ್ಕರು. ಕಾಕಾ ತಿರುಗಿ ನೋಡಲಿಲ್ಲ. ಮೂರನೆಯ ವಾಕ್ಯವನ್ನೂ ಅಕ್ಕನ ಹೆಸರನ್ನೂ ಬರೆದು ಮುಗಿಸಿ, ಕೆಳಗೆ, ನಡುವಿನ ಗೆರೆಯ ಎರಡೂ ಬದಿಗೆ, ಮೊದಲು ಕನ್ನಡದಲ್ಲಿ ಆಮೇಲೆ ಮರಾಠಿಯಲ್ಲಿ, ಕಲ್ಲು ತೆಗೆಯಲು ಒಪ್ಪಿದವರಲ್ಲಿ ನಾನೂ ಒಬ್ಬ ಎಂದು ಬರೆದು ತನ್ನ ಹೆಸರು ಹಾಕಿದ.

ಬರೆದ ಮೇಲೆ ಕೂಡಬೇಕಲ್ಲ. ಅಕ್ಕನ ಪಕ್ಕದಲ್ಲಿ ಕೂತ. ಅತ್ತಿ ಡಬ್ಬಿ ತೆರೆದಳು. ಅವನೂ ಬೆಳಗಿನಿಂದ ಉಂಡಿರಲಿಲ್ಲವೆಂದು ಆಮೇಲೆ ಕಾಕೂ ಹೇಳಿ ಗೊತ್ತಾಯಿತು. ಗಂಡಸರೆದುರು ಉಣ್ಣಲಾರೆನೆಂದಿದ್ದವಳು ಚೌಕದ ನಡುವೆ ರೊಟ್ಟಿ ಮುರಿದು ಅರ್ಧ ಅವನಿಗೆ ಕೊಟ್ಟಳು. ಹೆಸರುಕಾಳಿನ ಪಲ್ಯದಲ್ಲಿ ಉಪ್ಪು ಕಡಿಮೆ ಎಂದು ಗೊಣಗಿದಳು. ಹೊತ್ತು ಮುಳುಗುವ ಮುನ್ನ ಇಬ್ಬರೂ ಉಂಡು ಕೈ ತೊಳೆದರು, ಅವಳು ಗುಳಿಗೆ ನುಂಗಿದಳು. ದೀಪ ಹತ್ತಿದ ಮೇಲೆ ಗಾಡಿ ಬಂತು.

ಮುಂದಿನದು ಸುಖಾಂತವಲ್ಲ, ದುಃಖಾಂತವೂ ಅಲ್ಲ. ನಾಲ್ಕು ದಿನದಲ್ಲಿ ಘಟ್ಟಕ್ಕೆ ಮರಳಿನ ಚೀಲ ಬಿದ್ದವು. ಮುಂದಿನ ಬೇಸಿಗೆಯಲ್ಲಿ ಸಿಮೆಂಟಿನ ಪಾವಟಿಗೆ ಬಂದವು. ಕಮಿಟಿಯ ಉಳಿದವರು ಯಾರೂ ಯಾವ ಮಾತನ್ನೂ ಆಡಲಿಲ್ಲ. ಕಾಕಾನನ್ನು ಕಮಿಟಿಯಿಂದ ಸದ್ದಿಲ್ಲದೆ ಬಿಟ್ಟರು. ಅವನು ಹಲಗೆಯನ್ನು ಬಿಡಲಿಲ್ಲ, ಸಾಯುವವರೆಗೆ ಬರೆದ. ದುಃಖದ, ಸಮಸ್ತ, ವಿನಂತಿ ಇವು ಹಾಗೆಯೇ ಇದ್ದವು. ಶೈಲಿ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆದರೆ ದುರ್ದೈವ ಎಂಬ ಪದವನ್ನು ಅವನು ಮತ್ತೆ ಬರೆದದ್ದನ್ನು ನಾನು ನೋಡಲಿಲ್ಲ. ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಆ ಕರಿಗಲ್ಲುಗಳು ಇಂದಿಗೂ ಇವೆ. ಅಲ್ಲಿ ಮದುವೆಗೆ ಹೋದರೆ ಅತ್ತಿ ಅಡಿಗೆಮನೆಯ ಕಡೆಯಿಂದ ಒಳಗೆ ಹೋಗುತ್ತಾಳೆ.

ಬಸ್ಸಿನಲ್ಲಿ ಕೂತು ನೆನೆಯುತ್ತ ನಾನು ಇಲ್ಲಿಯವರೆಗೆ ಬಂದಿದ್ದೆ. ಚಿಕ್ಕೋಡಿಯ ಮಕ್ಕಳಿಗೆ ಪದ ಹೇಗೆ ಆರಿಸಬೇಕು, ವಾಕ್ಯ ಎಲ್ಲಿ ನಿಲ್ಲಿಸಬೇಕು ಎಂದೆಲ್ಲ ಹೇಳಿದ್ದೆ. ಬರೆದ ಮೇಲೆ ಎಲ್ಲಿ ಕೂಡಬೇಕು ಎಂದು ಹೇಳಿರಲಿಲ್ಲ. ಸಿಟ್ಟಿನ ಬಗ್ಗೆ ಕೇಳಿದ ಹುಡುಗಿಗೆ ಪತ್ರ ಬರೆಯಬೇಕೆಂದುಕೊಳ್ಳುವಾಗ ಕಂಡಕ್ಟರ್ ನಮ್ಮ ಸೀಟಿಗೆ ಬಂದ. ನನ್ನ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಮಗಳನ್ನು ಕರೆದುಕೊಂಡು ಕೂತಿದ್ದಳು. ನಮ್ಮೂರಿಗೆ ಒಂದೂವರೆ ಟಿಕೀಟು ಕೇಳಿದಳು. ಕಂಡಕ್ಟರ್ ಹುಡುಗಿಯ ಎತ್ತರವನ್ನು ಅನುಮಾನದಿಂದ ಅಳೆದ.

“ವಯಸ್ಸ ಎಷ್ಟ್ರಿ ಈಕಿಗೆ?”

“ಕಲ್ಲ ತಗದ ವರ್ಷ ಹುಟ್ಟಿದಾಕಿರಿ.”

“ಅದ್ಯಾವ ವರ್ಷಬೇ? ಕ್ಯಾಲೆಂಡರದಾಗ ಇಲ್ಲದ್ದು?”

“ನಿಮಗ ಗೊತ್ತಿಲ್ಲದಿದ್ರ ನಮ್ಮೂರಾಗ ಯಾರನ್ನ ಬೇಕಾದ್ರೂ ಕೇಳ್ರಿ.”

ಹಿಂದಿನ ಸೀಟಿನಿಂದ ಯಾರೋ ಬೆರಳು ಮಡಚಿ ಎಣಿಸಿ, ಹನ್ನೊಂದು ನಡದೈತಿ, ಅರ್ಧಾ ಕೊಡಪಾ ಎಂದರು. ಕಂಡಕ್ಟರ್ ಹರಿದು ಕೊಟ್ಟ. ಆಕೆ ಯಾರೋ ನನಗೆ ತಿಳಿಯದು. ಆಕೆಗೆ ನಾನು ಯಾರೆಂದು ತಿಳಿಯದು. ಸೋನಾಬಾಯಿ ಬಿದ್ದ ವರ್ಷ ಎಂದು ಆಕೆ ಹೇಳಲಿಲ್ಲ. ಕಲ್ಲು ತೆಗೆದ ವರ್ಷ ಎಂದಳು, ಬರ ಬಿದ್ದ ವರ್ಷ, ಹೊಳೆ ಬಂದ ವರ್ಷ ಎಂದು ಹೇಳುವಷ್ಟೇ ಸಹಜವಾಗಿ. ನಾನು ಮುಂದೆ ಬರೆಯಬಹುದಾದ ಯಾವ ಪುಸ್ತಕದ ಯಾವ ವಾಕ್ಯವೂ ಇಷ್ಟು ದೂರ ನಡೆದುಹೋಗುತ್ತದೆಂದು ನನಗೆ ಅನಿಸುವುದಿಲ್ಲ.

ಬಸ್ಸಿಳಿದು ನೇರವಾಗಿ ಅತ್ತಿಯ ಮನೆಗೆ ಹೋದೆ. ಅವಳು ಅಂಗಳದಲ್ಲಿ ಕೂತು ದ್ರಾಕ್ಷಿಯ ಬುಟ್ಟಿ ಕಟ್ಟುವವರನ್ನು ಗದರಿಸುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅವಳಿಗೆ ಸಂತೋಷವಾಗುತ್ತದೆಂದುಕೊಂಡಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, ಹುಬ್ಬು ಗಂಟು ಹಾಕಿದಳು.

“ಯಾರ ತಗದ್ರು ಅಂತ ಹೇಳಿದ್ಲೇನ?”

ಇಲ್ಲ ಎಂದೆ.

“ಮತ್ತ? ಭರಮ ಒಬ್ಬನ ಬಂದು ಒಪ್ಪಿಕೊಂಡಾಂವ. ಅಂವನ ಹೆಸರ ಬಿಟ್ಟ ಹೇಳಿದ್ರ ಹೆಂಗ?”

ಕೋಲಿಗೆ ಕೈ ಹಾಕಿ ಎದ್ದಳು. ಆ ಹೆಣ್ಣುಮಗಳು ಯಾರ ಮನೆಯವಳು, ಯಾವ ಓಣಿಗೆ ತಿರುಗಿದಳು ಎಂದು ಕೇಳಿದಳು. ಹೊಳೆಯ ಕಡೆಯ ಓಣಿಗೆ ಎಂದೆ. ಕುಂಟುತ್ತ ಅವಳು ಆಗಲೇ ಅಂಗಳ ದಾಟಿದ್ದಳು. ನಾನು ಚೀಲ ಕೆಳಗಿಟ್ಟು ಹಿಂದೆ ಹೊರಟೆ.